ಪಾಕಿಸ್ತಾನದ ಕ್ರೈಸ್ತರಿಗೆ ನಮ್ಮಂಥ ಸಣ್ಣ ಧರ್ಮಕೇಂದ್ರ ಏನು ಮಾಡಬಹುದು?

ಭದ್ರಾವತಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಧರ್ಮಕೇಂದ್ರ, ಅಂದರೆ ಒಂದು ಚರ್ಚಿಗೆ ಸೇರಿದ ಅರವತ್ತು ಮನೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೇ ಜಾಸ್ತಿ. ಹೋದ ನವೆಂಬರಿನಲ್ಲಿ ಹಿಂಸೆಗೆ ಒಳಗಾದ ಕ್ರೈಸ್ತರಿಗಾಗಿ ಒಂದು ಸಂಜೆ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ನಮ್ಮ ಯುವಕರು ಪ್ರೊಜೆಕ್ಟರ್ ಹಾಕಿ ವಿಡಿಯೋ ತೋರಿಸಿದರು. ಪಾಕಿಸ್ತಾನದ ಜರಾನ್‌ವಾಲಾ ಅನ್ನುವ ಊರಿನಲ್ಲಿ ಚರ್ಚುಗಳು ಉರಿಯುವ ದೃಶ್ಯ. ಅಜ್ಜಿಯರೆಲ್ಲ ಅತ್ತುಬಿಟ್ಟರು. ಆಮೇಲೆ ಡಬ್ಬಿ ಹಿಡಿದು ಬಂದರು. 38,400 ರೂಪಾಯಿ ಸೇರಿತು. ನಮ್ಮ ಊರಿಗೆ ಅದು ಸಣ್ಣ ಮೊತ್ತ ಅಲ್ಲ.

ಆ ದುಡ್ಡು ಇನ್ನೂ ಫಾದರ್ ಮೇಜಿನ ಡ್ರಾಯರಿನಲ್ಲೇ ಇದೆ. ಯಾರಿಗೆ ಕಳಿಸಬೇಕು, ಹೇಗೆ ಕಳಿಸಬೇಕು ಅಂತ ನಮಗೆ ಯಾರಿಗೂ ಗೊತ್ತಿಲ್ಲ.

ಅದಕ್ಕಿಂತ ನನ್ನನ್ನು ಕಾಡುತ್ತಿರುವುದು ಇನ್ನೊಂದಿದೆ. ವಿಡಿಯೋ ಮುಗಿದ ಮೇಲೆ ಏಳನೇ ಕ್ಲಾಸಿನ ಒಂದು ಹುಡುಗಿ ಬಂದು ಕೇಳಿದಳು, "ಮಿಸ್, ಅವರು ಅಲ್ಲಿ ಏನು ಕೆಲಸ ಮಾಡ್ತಾರೆ?" ನನಗೆ ಉತ್ತರ ಬರಲಿಲ್ಲ. ಬೆಂಕಿ ನೋಡಿದ್ದೆ, ಅಳು ನೋಡಿದ್ದೆ. ಅವರು ಯಾರು ಅಂತ ಗೊತ್ತಿರಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹಳೇ ವರದಿಗಾರ

ಮೇಡಂ, ಆ ಹುಡುಗಿ ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದಲೇ ಶುರು ಮಾಡಿದ್ದಾಳೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪಾಕಿಸ್ತಾನದಲ್ಲಿ ಈಗ ಸುಮಾರು 33 ಲಕ್ಷ ಕ್ರೈಸ್ತರಿದ್ದಾರೆ. 2023ರ ಜನಗಣತಿಯ ಲೆಕ್ಕ ಇದು. ನೂರಕ್ಕೆ ಒಂದೂವರೆಗಿಂತ ಕಡಿಮೆ. ಹೆಚ್ಚಿನವರು ಪಂಜಾಬಿನವರು. ಇವರ ಹಿರಿಯರು ಯಾರು ಅಂತ ನೋಡಿದರೆ ಬಹಳಷ್ಟು ಅರ್ಥವಾಗುತ್ತದೆ. 1873ರಲ್ಲಿ ಸಿಯಾಲ್‌ಕೋಟ್ ಕಡೆಯ ದಿತ್ತ್ ಅನ್ನುವ ಒಬ್ಬ ಮನುಷ್ಯ ದೀಕ್ಷಾಸ್ನಾನ ಪಡೆದ. ಕಾಲು ಕುಂಟು, ಓದು ಬರಹ ಇಲ್ಲ, ಚರ್ಮದ ವ್ಯಾಪಾರ. ಊರಿನ ಕಸ ತೆಗೆಯುವ, ಸತ್ತ ದನ ಹೊರುವ ಜಾತಿಯವನು. ಮಿಷನರಿಗಳು ಇಲ್ಲೇ ಇರು ಅಂದರೂ ಕೇಳದೆ ತನ್ನ ಹಳ್ಳಿಗೇ ವಾಪಸ್ ಹೋದ. ಮೊದಲು ಮನೆಯವರಿಗೆ ಹೇಳಿದ, ಆಮೇಲೆ ನೆಂಟರಿಗೆ. ಮುಂದಿನ ಐವತ್ತು ವರ್ಷಗಳಲ್ಲಿ ಆ ಜಾತಿಯ ಲಕ್ಷಾಂತರ ಜನ ಕ್ರೈಸ್ತರಾದರು. ಅಂದರೆ ಪಾಕಿಸ್ತಾನದ ಬಹುಪಾಲು ಕ್ರೈಸ್ತರು ದಲಿತರ ಮಕ್ಕಳು, ಮೊಮ್ಮಕ್ಕಳು.

1947ರಲ್ಲಿ ಜಮೀನುಗಳ ಒಡೆಯರು ಬದಲಾದರು. ಗಡಿಯ ಭಾರತದ ಕಡೆಯಿಂದ ಬಂದ ನಿರಾಶ್ರಿತರಿಗೆ ಭೂಮಿ ಸಿಕ್ಕಿತು. ಹೊಲದ ಆಳುಗಳಾಗಿದ್ದ ಇವರ ಕೆಲಸ ಹೋಯಿತು. ಬಹಳಷ್ಟು ಜನ ಪಟ್ಟಣಕ್ಕೆ ಬಂದು ಪೊರಕೆ ಹಿಡಿದರು. ಇನ್ನು ಕೆಲವರು ಇಟ್ಟಿಗೆ ಭಟ್ಟಿಗೆ ಹೋದರು. ಇವತ್ತಿಗೂ ಅಲ್ಲಿನ ನಗರಪಾಲಿಕೆಗಳು ಪೌರಕಾರ್ಮಿಕರು ಬೇಕೆಂದು ಪೇಪರಿನಲ್ಲಿ ಜಾಹೀರಾತು ಕೊಡುವಾಗ "ಮುಸ್ಲಿಮೇತರರು ಮಾತ್ರ" ಅಂತ ಬರೆದ ಉದಾಹರಣೆಗಳು ಎಷ್ಟೋ ಇವೆ. ಒಳಚರಂಡಿಗೆ ಇಳಿಯುವುದು ಅವರೇ, ವಿಷಗಾಳಿಗೆ ಸಾಯುವುದು ಅವರೇ.

ಭಟ್ಟಿಯ ಕತೆ ಇನ್ನೂ ಕಷ್ಟದ್ದು. ಅಲ್ಲಿ ಮುಂಗಡಕ್ಕೆ ಪೇಶ್ಗಿ ಅನ್ನುತ್ತಾರೆ. ಮಗಳ ಮದುವೆಗೋ ಆಸ್ಪತ್ರೆಗೋ ಮಾಲೀಕರಿಂದ ದುಡ್ಡು ತೆಗೆದುಕೊಳ್ಳುತ್ತಾರೆ. ತೀರಿಸಲು ಇಡೀ ಮನೆ ಮಣ್ಣು ಕಲಸುತ್ತದೆ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ಅದರಲ್ಲಿ ಸಾಲದ ಕಂತು ಮುರಿದುಕೊಳ್ಳುತ್ತಾರೆ. ಸಾಲ ತೀರುವುದೇ ಇಲ್ಲ, ಮಕ್ಕಳ ತಲೆಗೆ ಬರುತ್ತದೆ. ನಮ್ಮಲ್ಲಿ ಇದಕ್ಕೆ ಜೀತ ಅನ್ನುತ್ತೇವೆ ಅಲ್ವಾ? 1988ರಲ್ಲಿ ದರ್ಶನ್ ಮಸೀಹ್ ಅನ್ನುವ ಭಟ್ಟಿ ಕೂಲಿಯವರು ಪಾಕಿಸ್ತಾನದ ಸುಪ್ರೀಂ ಕೋರ್ಟಿಗೆ ಒಂದು ಟೆಲಿಗ್ರಾಂ ಕೊಟ್ಟರು. ಅದನ್ನೇ ಅರ್ಜಿ ಅಂತ ಕೋರ್ಟು ಸ್ವೀಕರಿಸಿತು. ಅದರ ಹಿಂದೆಯೇ 1992ರಲ್ಲಿ ಜೀತ ನಿಷೇಧದ ಕಾನೂನು ಬಂತು. ಕಾನೂನು ಇದೆ, ಭಟ್ಟಿಯೂ ಹಾಗೇ ಇದೆ.

ಈಗ ಆ ಬೆಂಕಿಗೆ ಬರೋಣ. ಅಲ್ಲಿ ದೈವನಿಂದನೆಯ ಕಾನೂನು ಇದೆ. ದಂಡಸಂಹಿತೆಯ 295-ಸಿ, 1986ರಲ್ಲಿ ಸೇರಿಸಿದ್ದು, ಅದಕ್ಕೆ ಮರಣದಂಡನೆ. ಸರ್ಕಾರ ಇದುವರೆಗೆ ಆ ಕಲಮಿನಡಿ ಯಾರನ್ನೂ ನೇಣಿಗೆ ಹಾಕಿಲ್ಲ. ಆದರೆ ಆರೋಪ ಬಂತು ಅಂದರೆ ಸಾಕು, ಗುಂಪು ಸೇರುತ್ತದೆ. 1997ರಲ್ಲಿ ಶಾಂತಿನಗರ, 2009ರಲ್ಲಿ ಗೋಜ್ರಾ, 2013ರಲ್ಲಿ ಲಾಹೋರಿನ ಜೋಸೆಫ್ ಕಾಲೋನಿ. 2014ರ ನವೆಂಬರಿನಲ್ಲಿ ಕೋಟ್ ರಾಧಾ ಕಿಶನ್‌ನಲ್ಲಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಗಂಡ ಹೆಂಡತಿಯನ್ನು ಹೊಡೆದು ಅದೇ ಭಟ್ಟಿಯ ಬೆಂಕಿಗೆ ಹಾಕಿದರು. ಹೆಂಗಸು ಗರ್ಭಿಣಿ. ನೀವು ನೋಡಿದ ಜರಾನ್‌ವಾಲಾ ನಡೆದದ್ದು 2023ರ ಆಗಸ್ಟ್ 16ರಂದು. ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳು, ಎಂಬತ್ತಕ್ಕೂ ಹೆಚ್ಚು ಮನೆಗಳು ಹೋದವು. ಜನ ಮಕ್ಕಳನ್ನು ಎತ್ತಿಕೊಂಡು ಕಬ್ಬಿನ ಗದ್ದೆಗೆ ಓಡಿ ರಾತ್ರಿ ಅಲ್ಲೇ ಕಳೆದರು.

ಹಾಗಾಗಿ ಆ ಹುಡುಗಿಗೆ ಹೇಳಿ: ಅವರು ಕಸ ಗುಡಿಸುತ್ತಾರೆ, ಇಟ್ಟಿಗೆ ಮಾಡುತ್ತಾರೆ, ಹೊಲದಲ್ಲಿ ದುಡಿಯುತ್ತಾರೆ. ಕೆಲವರು ನರ್ಸ್, ಕೆಲವರು ಟೀಚರ್. ನಿಮ್ಮ ಹಾಗೇ.

ಭದ್ರಾವತಿ ಟೀಚರ್

ಸರ್, ಇದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾವು ವಿಡಿಯೋದಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. ಆಸಿಯಾ ಬೀಬಿ ಅನ್ನುವ ಹೆಸರು ಕೇಳಿದ್ದೇನೆ. ಅವರದು ಏನಾಯಿತು?

ಹಳೇ ವರದಿಗಾರ

ನೀರಿನಿಂದ ಶುರುವಾಯಿತು. 2009ರ ಜೂನ್. ಶೇಖುಪುರಾ ಜಿಲ್ಲೆಯ ಇತ್ತನ್‌ವಾಲಿ ಹಳ್ಳಿ. ಸುಡು ಬಿಸಿಲಿನಲ್ಲಿ ಹೆಂಗಸರು ಫಾಲ್ಸಾ ಹಣ್ಣು ಕೀಳುತ್ತಿದ್ದರು. ಆಸಿಯಾ ನೀರು ತಂದರು. ಅಲ್ಲಿದ್ದ ಲೋಟದಿಂದ ತಾವೂ ಕುಡಿದರು. ಜೊತೆಯ ಹೆಂಗಸರು, ನೀನು ಕ್ರೈಸ್ತಳು, ನೀನು ಮುಟ್ಟಿದ ನೀರು ನಾವು ಕುಡಿಯಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. ಕೆಲವು ದಿನದ ಮೇಲೆ ಪ್ರವಾದಿಯನ್ನು ನಿಂದಿಸಿದಳು ಅಂತ ದೂರು ಬಂತು. 2010ರ ನವೆಂಬರಿನಲ್ಲಿ ಮರಣದಂಡನೆ.

ಅವರ ಪರ ಮಾತಾಡಿದ ಪಂಜಾಬ್ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಗುಂಡು ಹಾರಿಸಿ ಕೊಂದ. ಎರಡು ತಿಂಗಳಿಗೆ, ಮಾರ್ಚ್ 2ರಂದು, ಕೇಂದ್ರ ಸಚಿವ ಶಹಬಾಜ್ ಭಟ್ಟಿಯವರನ್ನು ಕೊಂದರು. ಆಸಿಯಾ ಎಂಟು ವರ್ಷ ನೇಣಿನ ನೆರಳಿನಲ್ಲಿದ್ದರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂದಿತು. ಮರುವರ್ಷ ಮೇ ತಿಂಗಳಲ್ಲಿ ಕೆನಡಾಕ್ಕೆ ಹೋದರು.

ಒಂದು ಲೋಟ ನೀರು ಕುಡಿದ ತಪ್ಪಿಗೆ. ಈ ನೋವು ಅರ್ಥ ಮಾಡಿಕೊಳ್ಳಲು ನಮಗೆ ಬೇರೆ ದೇಶದ ಚರಿತ್ರೆ ಓದಬೇಕಾಗಿಲ್ಲ. ನಮ್ಮ ಹಳ್ಳಿಗಳ ಬಾವಿಕಟ್ಟೆಯೂ ಹೋಟೆಲಿನ ಎರಡು ಲೋಟವೂ ಇದನ್ನೇ ಹೇಳಿಕೊಟ್ಟಿವೆ.

ಹುಬ್ಬಳ್ಳಿ ಹುಡುಗ

ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ಪಾಕಿಸ್ತಾನದಲ್ಲಿ ಹಿಂದೂಗಳಿಗೂ ಇದೇ ಕಷ್ಟ ಇದೆ ಅಲ್ವಾ? ಸಿಂಧ್‌ನಲ್ಲಿ ಹುಡುಗಿಯರನ್ನು ಎತ್ತಿಕೊಂಡು ಹೋಗಿ ಮತಾಂತರ ಮಾಡಿ ಮದುವೆ ಮಾಡುವುದು ಎಷ್ಟು ಸಲ ಸುದ್ದಿಯಾಗಿದೆ. ಆಗ ಈ ಪ್ರಾರ್ಥನೆಯಲ್ಲಿ ಅವರೂ ಇರುತ್ತಾರಾ? ಅಥವಾ ನಮ್ಮವರು ಅಂದರೆ ನಮ್ಮ ಧರ್ಮದವರು ಮಾತ್ರನಾ?

ಭದ್ರಾವತಿ ಟೀಚರ್

ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ನಿಜ ಹೇಳುತ್ತೇನೆ, ಅವತ್ತಿನ ನಮ್ಮ ಪ್ರಾರ್ಥನೆಯಲ್ಲಿ ಅವರು ಇರಲಿಲ್ಲ. ಇರಬೇಕಿತ್ತು.

ಹಳೇ ವರದಿಗಾರ

ಸಿಂಧ್‌ನಲ್ಲಿ ಜಮೀನ್ದಾರರ ಹೊಲದಲ್ಲಿ ಸಾಲಕ್ಕೆ ಸಿಕ್ಕಿ ದುಡಿಯುವವರಲ್ಲಿ ಕೋಲ್ಹಿ, ಭೀಲ್ ಹಿಂದೂಗಳೇ ಜಾಸ್ತಿ. ಪಂಜಾಬಿನ ಭಟ್ಟಿಯಲ್ಲಿ ಕ್ರೈಸ್ತರು ಸಿಕ್ಕಿಕೊಂಡಂತೆ ಅಲ್ಲಿ ಅವರು. ಅಪ್ರಾಪ್ತ ಹುಡುಗಿಯರ ಕತೆ ಎರಡೂ ಕಡೆ ಒಂದೇ. ಸಿಂಧ್ ಪ್ರಾಂತ 2014ರಲ್ಲಿ ಮದುವೆಯ ವಯಸ್ಸನ್ನು 18 ಮಾಡಿತು. ಆ ಕಾನೂನು ಹಿಡಿದು ಕೋರ್ಟಿಗೆ ಹೋಗುವಾಗ ಹಿಂದೂ ತಾಯಿಯೂ ಕ್ರೈಸ್ತ ತಾಯಿಯೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಅಹ್ಮದಿಯಾ ಅನ್ನುವ ಪಂಗಡದವರ ಪಾಡು ಇನ್ನೂ ಕಷ್ಟ, ಅವರು ತಮ್ಮನ್ನು ಮುಸ್ಲಿಂ ಅಂತ ಕರೆದುಕೊಳ್ಳುವುದೇ ಅಲ್ಲಿ ಅಪರಾಧ. 1987ರಲ್ಲಿ ಶುರುವಾದ ಅಲ್ಲಿನ ಮಾನವ ಹಕ್ಕುಗಳ ಆಯೋಗ ಇವರೆಲ್ಲರ ಬಗ್ಗೆಯೂ ಬರೆಯುತ್ತಾ ಬಂದಿದೆ. ಅದು ಸರ್ಕಾರದ್ದಲ್ಲ, ನಾಗರಿಕರೇ ಕಟ್ಟಿದ್ದು. ಅದರಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮುಸ್ಲಿಮರು.

ಭಟ್ಕಳದ ನೆರೆಯವ

ನಾನು ಮುಸ್ಲಿಂ. ಈ ಚರ್ಚೆಯನ್ನು ಮೊದಲಿನಿಂದ ಓದುತ್ತಾ ಬಂದೆ, ಸುಮ್ನಿರಲು ಆಗಲಿಲ್ಲ.

ಜರಾನ್‌ವಾಲಾದಲ್ಲಿ ನಡೆದದ್ದು ಪಾಪ. ಅದಕ್ಕೆ "ಆದರೆ" ಅಂತ ಸೇರಿಸುವುದಿಲ್ಲ. ಕುರಾನಿನ ಹೆಸರಿನಲ್ಲಿ ಬಡವರ ಮನೆ ಸುಟ್ಟವರು ಕುರಾನಿಗೇ ಅವಮಾನ ಮಾಡಿದರು ಅಂತ ನನ್ನ ನಂಬಿಕೆ.

ಒಂದು ವಿಷಯ ಮಾತ್ರ ನಿಮ್ಮ ಮಕ್ಕಳಿಗೆ ಹೇಳಿ ಅಕ್ಕಾ. ಆಸಿಯಾ ಬೀಬಿಗಾಗಿ ಪ್ರಾಣ ಕೊಟ್ಟ ತಾಸೀರ್ ಮುಸ್ಲಿಂ. ಕೋರ್ಟಿನಲ್ಲಿ ಕೊನೆತನಕ ವಾದಿಸಿದ ವಕೀಲ ಸೈಫುಲ್ ಮಲೂಕ್ ಮುಸ್ಲಿಂ. ತೀರ್ಪು ಬಂದ ಮೇಲೆ ಅವರು ಸ್ವಲ್ಪ ದಿನ ದೇಶ ಬಿಡಬೇಕಾಯಿತು. ಬಿಡುಗಡೆ ಅಂತ ತೀರ್ಪು ಬರೆದ ನ್ಯಾಯಮೂರ್ತಿಗಳೂ ಮುಸ್ಲಿಮರು. 2013ರ ಸೆಪ್ಟೆಂಬರಿನಲ್ಲಿ ಪೇಶಾವರದ ಆಲ್ ಸೇಂಟ್ಸ್ ಚರ್ಚಿನಲ್ಲಿ ಬಾಂಬ್ ಸಿಡಿದಾಗ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವಾರಗಳಲ್ಲಿ ಲಾಹೋರಿನ ಒಂದು ಚರ್ಚಿನ ಮುಂದೆ ಮುಸ್ಲಿಮರು ಕೈ ಕೈ ಹಿಡಿದು ಸಾಲಾಗಿ ನಿಂತರು, ಒಳಗೆ ಪೂಜೆ ಮುಗಿಯುವ ತನಕ.

ಈ ಮಾತು ನಮ್ಮ ಮಾನ ಉಳಿಸಿಕೊಳ್ಳಲು ಹೇಳುತ್ತಿಲ್ಲ. ಅಲ್ಲಿನ ಕ್ರೈಸ್ತರಿಗೆ ನಾಳೆ ಬೆಳಗ್ಗೆಯೂ ಅದೇ ಬೀದಿಯಲ್ಲಿ ಬಾಳಬೇಕು. ಭದ್ರಾವತಿಯಿಂದಲೋ ಭಟ್ಕಳದಿಂದಲೋ ನಾವು ಹೋಗಿ ಕಾಯಲು ಆಗಲ್ಲ. ಪಕ್ಕದ ಮನೆಯವನೇ ಕಾಯಬೇಕು. ಹಾಗಾಗಿ ಅಂಥ ಪಕ್ಕದ ಮನೆಯವರಿಗಾಗಿಯೂ ಪ್ರಾರ್ಥನೆ ಮಾಡಿ.

ಭದ್ರಾವತಿ ಟೀಚರ್

ಮಾಡುತ್ತೇವೆ ಅಣ್ಣಾ. ಖಂಡಿತ.

ಜುಬೈಲ್‌ನಿಂದ

ನಾನು ಮೂಲತಃ ಮೂಡಬಿದ್ರೆ ಕಡೆಯವನು. ಹದಿನಾಲ್ಕು ವರ್ಷದಿಂದ ಸೌದಿಯಲ್ಲಿದ್ದೇನೆ. ಇಲ್ಲಿ ಚರ್ಚು ಕಟ್ಟಲು ಅವಕಾಶ ಇಲ್ಲ, ನಿಮಗೆ ಗೊತ್ತೇ ಇದೆ. ನನ್ನ ಸಂಬಳ ಸರಿಯಾಗಿ ಬರುತ್ತದೆ, ಊಟಕ್ಕೆ ತೊಂದರೆ ಇಲ್ಲ. ಹಾಗಾಗಿ ನನ್ನದನ್ನು ಹಿಂಸೆ ಅಂತ ಕರೆಯುವುದಿಲ್ಲ. ಆದರೆ ಮರೆಯಲ್ಲಿ ಪ್ರಾರ್ಥನೆ ಮಾಡುವುದು ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತು.

ಶುಕ್ರವಾರವೇ ನಮ್ಮ ಭಾನುವಾರ. ಒಬ್ಬರ ಫ್ಲಾಟಿನಲ್ಲಿ ಸೇರುತ್ತೇವೆ. ಪರದೆ ಎಳೆದಿರುತ್ತದೆ. ಎಲ್ಲರೂ ಒಟ್ಟಿಗೆ ಬರುವುದಿಲ್ಲ, ಐದೈದು ನಿಮಿಷ ಬಿಟ್ಟು ಬರುತ್ತೇವೆ. ಚಪ್ಪಲಿ ಬಾಗಿಲ ಹೊರಗೆ ಬಿಡುವ ಹಾಗಿಲ್ಲ, ಇಪ್ಪತ್ತು ಜೊತೆ ಚಪ್ಪಲಿ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ ಅಂತ ಒಳಗೆ ಸ್ನಾನದ ಮನೆಯಲ್ಲಿ ಜೋಡಿಸುತ್ತೇವೆ. ಹಾಡು ಮೆಲ್ಲಗೆ. ಊರಿಗೆ ರಜೆಗೆ ಬಂದಾಗ ಇಗರ್ಜಿಯ ಗಂಟೆ ಕೇಳಿದರೆ ಈಗಲೂ ಗಂಟಲು ಕಟ್ಟುತ್ತದೆ.

ನಮ್ಮ ಗುಂಪಿಗೆ ಇಬ್ಬರು ಪಾಕಿಸ್ತಾನಿ ಕ್ರೈಸ್ತರು ಬರುತ್ತಾರೆ. ನಮ್ಮದೇ ಕಂಪನಿಯ ಕ್ಲೀನಿಂಗ್ ಕೆಲಸದವರು. ಅವರ ಹಿಂದಿ ನಮಗೆ, ನಮ್ಮ ಹಿಂದಿ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಬ್ಬರು ಈಜಿಪ್ಟಿನ ಎಂಜಿನಿಯರ್, ಅಲ್ಲಿನ ಹಳೇ ಕ್ರೈಸ್ತ ಸಭೆಯಾದ ಕಾಪ್ಟಿಕ್ ಸಭೆಯವರು. ಅವರ ಬಲಗೈ ಮಣಿಕಟ್ಟಿನಲ್ಲಿ ಚಿಕ್ಕ ಶಿಲುಬೆಯ ಹಚ್ಚೆ ಇದೆ. ಇಲ್ಲಿ ಯಾವಾಗಲೂ ಪೂರ್ತಿ ತೋಳಿನ ಶರ್ಟು ಹಾಕುತ್ತಾರೆ. ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಅವರಿಗೆ ಉಪವಾಸ, ಹಾಲು ಮೊಟ್ಟೆ ಕೂಡ ಮುಟ್ಟುವುದಿಲ್ಲ.

2015ರ ಫೆಬ್ರವರಿಯಲ್ಲಿ ಲಿಬಿಯಾದ ಸಮುದ್ರ ತೀರದಲ್ಲಿ ಐಸಿಸ್ ಉಗ್ರರು 21 ಜನರ ಕತ್ತು ಕೊಯ್ದರಲ್ಲ, ಅವರಲ್ಲಿ ಇಪ್ಪತ್ತು ಜನ ಕಾಪ್ಟಿಕ್‌ನವರು, ಒಬ್ಬ ಘಾನಾದವನು. ಹದಿಮೂರು ಜನ ಒಂದೇ ಹಳ್ಳಿಯವರು, ಮಿನ್ಯಾ ಪ್ರಾಂತದ ಅಲ್-ಔರ್. ಎಲ್ಲರೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಬೇರೆ ದೇಶಕ್ಕೆ ಹೋದ ಕೂಲಿಗಳು. ಇಬ್ಬರು ಸಹೋದರರನ್ನು ಕಳೆದುಕೊಂಡವರೊಬ್ಬರು ಟಿವಿಗೆ ಫೋನ್ ಮಾಡಿ, ಕೊಂದವರನ್ನು ಕ್ಷಮಿಸಿದ್ದೇವೆ ಅಂದರು. ನಮ್ಮ ಎಂಜಿನಿಯರ್ ಇದನ್ನು ಹೇಳುವಾಗ ಕೈಯ ಆ ಹಚ್ಚೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಸಹಾಯ ಅಂದರೆ ದೂರಕ್ಕೆ ಕಳಿಸುವುದು ಮಾತ್ರ ಅಲ್ಲ. ಕ್ಯಾಂಪಿನಲ್ಲಿ ಪಕ್ಕದ ಮಂಚದ ಮೇಲೆ ಮಲಗುವವನ ಹೆಸರು ಕೇಳಿ. ಆ ಇಬ್ಬರನ್ನು ಎರಡು ವರ್ಷ ದಿನಾ ನೋಡಿದ್ದೆ, ಕ್ರೈಸ್ತರು ಅಂತ ಗೊತ್ತಿರಲಿಲ್ಲ. ಕ್ಲೀನಿಂಗಿನವರು ಅಂತ ಮಾತಾಡಿಸಿಯೇ ಇರಲಿಲ್ಲ. ಅದು ನನ್ನ ತಪ್ಪು.

ಬೆಂಗಳೂರು ಪೂರ್ವ

ವಿಡಿಯೋ ಬಗ್ಗೆ ಹೇಳಬೇಕು. ಫಾದರ್ ಟಾಮ್ ಉಳುನ್ನಾಲಿಲ್ ನೆನಪಿದ್ದಾರಾ? ಕೇರಳದ ರಾಮಪುರಂನವರು, ಸಲೇಷಿಯನ್ ಅನ್ನುವ ಸಂನ್ಯಾಸಿ ಸಭೆಯ ಬೆಂಗಳೂರು ಪ್ರಾಂತಕ್ಕೆ ಸೇರಿದವರು. 2016ರ ಮಾರ್ಚ್ 4ರಂದು ಯೆಮೆನ್‌ನ ಏಡನ್‌ನಲ್ಲಿ ಮದರ್ ತೆರೇಸಾ ಸಿಸ್ಟರುಗಳು ನಡೆಸುತ್ತಿದ್ದ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ ಹದಿನಾರು ಜನರನ್ನು ಕೊಂದರು. ನಾಲ್ವರು ಸಿಸ್ಟರುಗಳು, ಅವರಲ್ಲಿ ಒಬ್ಬರು ಭಾರತದವರು. ಉಳಿದವರು ಅಲ್ಲಿನ ಕೆಲಸದವರು, ಕಾವಲುಗಾರರು. ಫಾದರನ್ನು ಎತ್ತಿಕೊಂಡು ಹೋದರು.

ಆ ವರ್ಷ ಶುಭ ಶುಕ್ರವಾರ ಮಾರ್ಚ್ 25ಕ್ಕೆ ಬಂತು. ಅದಕ್ಕೆ ಮೊದಲು, ಅವರನ್ನು ಶುಭ ಶುಕ್ರವಾರದ ದಿನ ಶಿಲುಬೆಗೆ ಹಾಕುತ್ತಾರಂತೆ ಅಂತ ವಾಟ್ಸಾಪಿನಲ್ಲಿ ಬಂತು. ಆಮೇಲೆ ಹಾಕಿಯೇಬಿಟ್ಟರು ಅಂತ ಬಂತು. ನಾನೂ ಫಾರ್ವರ್ಡ್ ಮಾಡಿದೆ. ಪೂರ್ತಿ ಸುಳ್ಳು. ಅವರ ಮನೆಯವರ ಫೋನಿಗೂ ಅದು ಹೋಗಿರುತ್ತದೆ ಅಲ್ವಾ? ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 2017ರ ಸೆಪ್ಟೆಂಬರ್ 12ರಂದು ಒಮಾನ್ ದೇಶದ ನೆರವಿನಿಂದ ಅವರು ಬಿಡುಗಡೆಯಾದರು. ಆ ತಿಂಗಳ ಕೊನೆಗೆ ಬೆಂಗಳೂರಿಗೂ ಬಂದರು.

ಆಗಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರು, ಎಲ್ಲಿ, ಯಾವಾಗ ಅಂತ ಗೊತ್ತಾಗದ ವಿಡಿಯೋ ಮುಂದಕ್ಕೆ ಹೋಗುವುದಿಲ್ಲ. ಗೊತ್ತಾದರೂ ಮುಖ ಕಾಣುವ ಹಾಗಿದ್ದರೆ ಹೋಗುವುದಿಲ್ಲ. ಅಲ್ಲಿನ ಯಾರೋ ಒಬ್ಬರ ಮುಖ, ಊರು, ಹೆಸರು ನಮ್ಮ ಗುಂಪಿನಲ್ಲಿ ಓಡಾಡಿದರೆ ನಮಗೆ ಕಣ್ಣೀರು ಬರುತ್ತದೆ, ಅವರ ಮನೆ ಬಾಗಿಲಿಗೆ ಗುಂಪು ಬರುತ್ತದೆ.

ಹುಬ್ಬಳ್ಳಿ ಹುಡುಗ

ಹಂಗಾದ್ರೆ ದುಡ್ಡಿನ ಪ್ರಶ್ನೆಗೆ ಉತ್ತರ? ಟೀಚರ್ ಅದನ್ನೇ ಮೊದಲು ಕೇಳಿದ್ದರು.

ಹಳೇ ವರದಿಗಾರ

ಹೌದು, ನಾನೇ ಮಾತು ಎಲ್ಲಿಗೋ ಎಳೆದೆ.

ಅಂತರ್ಜಾಲದಲ್ಲಿ ಸಿಕ್ಕ ಯಾರದೋ ಖಾತೆಗೆ ನೇರವಾಗಿ ಹಾಕುವುದು ಬೇಡವೇ ಬೇಡ. ನಿಮಗೆ ಬ್ಯಾಂಕಿನಲ್ಲಿ ತೊಂದರೆ. ಅವರಿಗೆ ಅದಕ್ಕಿಂತ ದೊಡ್ಡ ತೊಂದರೆ. "ಭಾರತದಿಂದ ದುಡ್ಡು ಬಂತು" ಅನ್ನುವ ಒಂದು ಮಾತು ಅಲ್ಲಿ ಎದ್ದರೆ ಸಾಕು.

ನಿಮ್ಮದು ಕಥೋಲಿಕ ಧರ್ಮಕೇಂದ್ರ. ಧರ್ಮಕ್ಷೇತ್ರದ, ಅಂದರೆ ಬಿಷಪ್ಪರ ಕಚೇರಿಗೆ ಕೊಡಿ. ಜೊತೆಗೆ ಇದು ಇಂಥ ಕೆಲಸಕ್ಕೆ ಅಂತ ಒಂದು ಕಾಗದ ಬರೆಯಿರಿ. ಕಾರಿತಾಸ್ ಅನ್ನುವುದು ಪ್ರಪಂಚದ ತುಂಬಾ ಇರುವ ಕಥೋಲಿಕ ನೆರವಿನ ಜಾಲ, ಭಾರತದಲ್ಲೂ ಇದೆ, ಪಾಕಿಸ್ತಾನದಲ್ಲೂ ಇದೆ. ಸಂಕಷ್ಟದಲ್ಲಿರುವ ಚರ್ಚಿಗೆ ನೆರವು ಕೊಡುವ ಸಂಸ್ಥೆಯೊಂದು 1947ರಿಂದ ಇದೆ. ವೆರೆನ್‌ಫ್ರೀಡ್ ಅನ್ನುವ ಡಚ್ ಪಾದ್ರಿ ಶುರು ಮಾಡಿದ್ದು, ಯುದ್ಧದ ಮೇಲೆ ಮನೆ ಕಳೆದುಕೊಂಡ ಜರ್ಮನರಿಗೆ ಊಟ ಕೊಡುವುದಕ್ಕೆ. ಅಂದರೆ ಹಿಂದಿನ ದಿನದ ಶತ್ರುಗಳಿಗೆ. ಇರಾಕಿನ ನಿನೆವೆ ಬಯಲಿನಲ್ಲಿ 2014ರಲ್ಲಿ ಐಸಿಸ್ ಓಡಿಸಿದ ಜನರ ಮನೆಗಳನ್ನು ಮತ್ತೆ ಕಟ್ಟಲು ಇದೇ ಸಂಸ್ಥೆ ಕೈ ಹಾಕಿತು. ಕರಾಕೋಶ್ ಊರಿನ ಸುಟ್ಟ ಚರ್ಚನ್ನು ಸರಿಪಡಿಸಿದರು, 2021ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗಿ ಪ್ರಾರ್ಥಿಸಿದರು.

ಇಷ್ಟಕ್ಕೂ ನಮ್ಮ ಅಜ್ಜ ಅಜ್ಜಿಯರು ಈ ಕೆಲಸ ಮೊದಲಿನಿಂದಲೂ ಮಾಡುತ್ತಿದ್ದಾರೆ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಟ್ಟು ತಟ್ಟೆಗೆ ಹಾಕುವ ಕಾಣಿಕೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ಯೇಸು ಓಡಾಡಿದ ನಾಡಿನಲ್ಲಿ ಇವತ್ತು ಕಡಿಮೆ ಸಂಖ್ಯೆಯಲ್ಲಿ ಉಳಿದಿರುವ ಕ್ರೈಸ್ತರಿಗೆ. ಅವರ ಶಾಲೆ, ಮನೆ, ಚರ್ಚುಗಳಿಗೆ. ಎಷ್ಟೋ ಜನ ಗೊತ್ತಿಲ್ಲದೆಯೇ ಹಾಕುತ್ತಾರೆ. ಫಾದರ್ ಎರಡು ಮಾತು ಹೇಳಿದರೆ ಸಾಕಿತ್ತು.

ಟೊರೊಂಟೊ ಕನ್ನಡತಿ

ನಾನು ಮೈಸೂರಿನವಳು, ಹಿಂದೂ. ನಮ್ಮ ಮನೆ ಹತ್ತಿರದ ಚರ್ಚಿನವರು ಒಂದು ಪಾಕಿಸ್ತಾನಿ ಕ್ರೈಸ್ತ ಕುಟುಂಬವನ್ನು ಕರೆಸಿಕೊಳ್ಳುವಾಗ ಹಿಂದಿ, ಉರ್ದು ಬರುವವರು ಬೇಕು ಅಂದರು. ಹೀಗೆ ನಾನು ಸೇರಿಕೊಂಡೆ.

ಕೆನಡಾದಲ್ಲಿ ಸಾಮಾನ್ಯ ಜನರೇ ನಿರಾಶ್ರಿತರ ಹೊಣೆ ಹೊತ್ತು ಕರೆಸಿಕೊಳ್ಳಬಹುದು. 1979ರಿಂದ ಇದೆ, ವಿಯೆಟ್ನಾಂ ಕಡೆಯ ಜನ ದೋಣಿಯಲ್ಲಿ ಬಂದ ಕಾಲದಲ್ಲಿ ಶುರುವಾದದ್ದು. ಬಂದವರ ಒಂದು ವರ್ಷದ ಬಾಡಿಗೆ, ಊಟ, ಶಾಲೆ, ಎಲ್ಲ ನಮ್ಮ ಜವಾಬ್ದಾರಿ. ಅರ್ಜಿ ಹಾಕಿದ ಮೇಲೆ ವರ್ಷಗಟ್ಟಲೆ ಕಾಯಬೇಕು. ಐದು ಜನ ಸೇರಿ ಹಾಕುವ ಅರ್ಜಿಗಳನ್ನು 2024ರ ನವೆಂಬರ್ ಕೊನೆಯಲ್ಲಿ ತಡೆಹಿಡಿದರು. ನಮ್ಮದು ಅದಕ್ಕೆ ಮೊದಲಿನದು, ಚರ್ಚಿನ ಮೂಲಕ.

ಅವರು ಪಂಜಾಬಿನಿಂದ ಬ್ಯಾಂಕಾಕಿಗೆ ಓಡಿಹೋಗಿದ್ದರು. ಹಾಗೆ ಹೋದವರು ಸಾವಿರಾರು. ಥಾಯ್ಲೆಂಡ್ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ವಿಶ್ವಸಂಸ್ಥೆ ಕಾರ್ಡು ಕೊಟ್ಟರೂ ವೀಸಾ ಮುಗಿದ ಮೇಲೆ ಅಲ್ಲಿನ ಕಾನೂನಿಗೆ ಅವರು ಕಳ್ಳರ ಹಾಗೆ. ಕೆಲಸ ಮಾಡುವ ಹಾಗಿಲ್ಲ. ಸಿಕ್ಕಿಬಿದ್ದರೆ ವಲಸೆ ಇಲಾಖೆಯ ಬಂಧನ ಕೇಂದ್ರ. ಗಂಡ, ಹೆಂಡತಿ, ಮೂರು ಮಕ್ಕಳು ಒಂದೇ ಕೋಣೆಯಲ್ಲಿ ಆರು ವರ್ಷ ಇದ್ದರು. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ದೀಪ ಆರಿಸಿ ಉಸಿರು ಹಿಡಿದು ಕೂರುತ್ತಿದ್ದರಂತೆ. ಕಿರಿಯ ಮಗು ಹುಟ್ಟಿದ್ದೇ ಅಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ಬಾಗಿಲ ಗಂಟೆ ಆದರೆ ಅದು ಹೋಗಿ ಸೋಫಾದ ಹಿಂದೆ ಅಡಗಿಕೊಳ್ಳುತ್ತಿತ್ತು.

ಬಂದ ಎರಡನೇ ದಿನ ನಮ್ಮ ಮನೆಗೆ ಚಹಾಕ್ಕೆ ಕರೆದೆ. ಹೊರಗೆ ಹಿಮ ಬೀಳುತ್ತಿತ್ತು. ಚೆನ್ನಾಗಿ ಮಾತಾಡಿದೆವು. ಎದ್ದು ಹೋಗುವಾಗ ಆ ಅಕ್ಕ ತಾವು ಕುಡಿದ ಐದು ಲೋಟಗಳನ್ನು ತಾವೇ ತೊಳೆದರು. ಬೇಡ ಅಂದರೂ ಕೇಳಲಿಲ್ಲ. ತೊಳೆದು ನನ್ನ ಲೋಟಗಳ ಜೊತೆ ಇಡಲಿಲ್ಲ. ಕಿಟಕಿಯ ಪಕ್ಕ ಬೇರೆಯಾಗಿ ಬೋರಲು ಹಾಕಿದರು.

ನಮ್ಮಜ್ಜಿ ಮನೆಯ ಹಿತ್ತಲಲ್ಲಿ, ಗೋಡೆಯ ಗೂಡಿನಲ್ಲಿ, ಹೀಗೇ ಒಂದು ಲೋಟ ಬೋರಲು ಇರುತ್ತಿತ್ತು. ಕಸ ಗುಡಿಸಲು ಬರುವವಳಿಗೆ. ನಾನು ಚಿಕ್ಕವಳಿದ್ದಾಗ ಅದರಲ್ಲಿ ನೀರು ಕುಡಿಯಲು ಹೋಗಿ ಬೈಸಿಕೊಂಡಿದ್ದೆ. ನಲವತ್ತು ವರ್ಷ ಅದರ ನೆನಪೇ ಇರಲಿಲ್ಲ.

ಲೋಟಗಳನ್ನು ಎತ್ತಿ ನಮ್ಮ ಕಪಾಟಿನೊಳಗೆ ಇಟ್ಟೆ. ಏನೂ ಹೇಳಲಿಲ್ಲ. ಅವರು ನೋಡಿದರು, ಅವರೂ ಏನೂ ಹೇಳಲಿಲ್ಲ. ಮುಂದಿನ ವಾರ ಬಂದಾಗ ಅವರೇ ಕಪಾಟು ತೆಗೆದು ಲೋಟ ತೆಗೆದುಕೊಂಡರು.

ಮಿಲಾಗ್ರಿಸ್ ಹತ್ತಿರದವಳು

ಅಕ್ಕಾ, ನೀವು ಬರೆದದ್ದು ಓದಿ ಕಣ್ಣು ತುಂಬಿ ಬಂತು.

ನಾನು ಮಂಗಳೂರಿನವಳು. 2008ರ ಸೆಪ್ಟೆಂಬರ್ 14, ಭಾನುವಾರ. ನಮ್ಮ ತೆನೆ ಹಬ್ಬ ಮೊಂತಿ ಫೆಸ್ತ್ ಮುಗಿದು ಆರೇ ದಿನ ಆಗಿತ್ತು, ಮನೆಯಲ್ಲಿ ಹೊಸ ತೆನೆ ಇನ್ನೂ ದೇವರ ಪಟದ ಹತ್ತಿರ ಇತ್ತು. ಮಿಲಾಗ್ರಿಸ್ ಚರ್ಚಿನ ಪಕ್ಕದ ಆರಾಧನೆಯ ಮಠಕ್ಕೆ ಗುಂಪು ನುಗ್ಗಿತು. ಹೊರಗೆ ಬರದೆ ಪ್ರಾರ್ಥನೆಯಲ್ಲೇ ಇರುವ ಸಿಸ್ಟರುಗಳ ಮಠ ಅದು. ಆ ದಿನ ಬೇರೆ ಪ್ರಾರ್ಥನಾ ಮಂದಿರಗಳಿಗೂ ನುಗ್ಗಿದರು. ಅದೇ ದಿನಗಳಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಸಾವಿರಾರು ಕ್ರೈಸ್ತರು ದಾಳಿಗೆ ಹೆದರಿ ಕಾಡು ಸೇರಿದ್ದರು. ಅದಕ್ಕೆ ಹೋಲಿಸಿದರೆ ನಮ್ಮದು ಸಣ್ಣದು.

ಆ ವಾರ ಪ್ರಪಂಚದ ಯಾವ ಮೂಲೆಯಿಂದ ಯಾರು ಖಂಡಿಸಿದರು ಅಂತ ನನಗೆ ನೆನಪಿಲ್ಲ. ನೆನಪಿರುವುದು ಪಕ್ಕದ ಮನೆಯ ಆಂಟಿ. ಅವರು ಬಂಟರು. ರಾತ್ರಿ ಹತ್ತಕ್ಕೆ ಬಂದು, ಮಕ್ಕಳನ್ನು ನಮ್ಮಲ್ಲಿ ಮಲಗಿಸಿ ಅಂದರು. ಮೂರು ರಾತ್ರಿ ಅವರ ಚಾವಡಿಯಲ್ಲಿ ಮಲಗಿದೆವು. ಅವರ ಗಂಡ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಭಟ್ಕಳದ ಅಣ್ಣ ಹೇಳಿದ ಮಾತು ಅದಕ್ಕೇ ನನಗೆ ಹತ್ತಿರವಾಯಿತು.

ಇನ್ನೊಂದು. ಪತ್ರ ಬರೆಯುವುದನ್ನು ಯಾರೂ ಹೇಳಲಿಲ್ಲ. ಜೈಲಿನಲ್ಲಿರುವವರಿಗೆ, ಅವರ ಮನೆಯವರಿಗೆ ಪತ್ರ ತಲುಪಿಸುವ ಸಂಸ್ಥೆಗಳಿವೆ. ಅವರು ಹೇಳುವ ಕ್ರಮ ಸರಳ. ಚಿಕ್ಕದಾಗಿ ಬರೆಯಿರಿ. ಆ ದೇಶವನ್ನಾಗಲಿ ಅಲ್ಲಿನ ಧರ್ಮವನ್ನಾಗಲಿ ಬೈಯಬೇಡಿ. ದುಡ್ಡು ಇಡಬೇಡಿ, ನಿಮ್ಮ ಪೂರ್ತಿ ವಿಳಾಸ ಬರೆಯಬೇಡಿ. ಮಕ್ಕಳ ಚಿತ್ರ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಭಾಷೆ ಬೇಡ.

ಭದ್ರಾವತಿ ಟೀಚರ್

ಎಲ್ಲರಿಗೂ ವಂದನೆ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ನಿಮ್ಮ ಮಾತುಗಳನ್ನೆಲ್ಲ ಫಾದರ್‌ಗೆ ಓದಿ ಹೇಳಿದೆ. ದುಡ್ಡು ಹೋದ ಸೋಮವಾರ ಧರ್ಮಕ್ಷೇತ್ರದ ಕಚೇರಿಗೆ ಹೋಯಿತು, ರಸೀದಿ ಬಂತು. ಭಟ್ಟಿಯ ಮಕ್ಕಳ ಓದಿಗೆ ಇಲ್ಲವೇ ಕೋರ್ಟಿನ ಖರ್ಚಿಗೆ ಬಳಕೆಯಾದರೆ ನಮಗೆ ಸಂತೋಷ ಅಂತ ಕಾಗದ ಬರೆದೆವು. ಅದರಲ್ಲಿ ಸ್ವಲ್ಪ ತೆಗೆದು ಇಲ್ಲಿಯೇ ಏನಾದರೂ ಮಾಡೋಣ ಅಂತ ಒಬ್ಬರು ಅಂದರು. ಫಾದರ್ ಒಪ್ಪಲಿಲ್ಲ. ಅವರ ಹೆಸರಿನಲ್ಲಿ ಎತ್ತಿದ ದುಡ್ಡು ಅವರಿಗೇ ಹೋಗಬೇಕು, ಇಲ್ಲಿನದಕ್ಕೆ ಬೇರೆ ಎತ್ತೋಣ ಅಂದರು. ಸರಿ ಅನ್ನಿಸಿತು.

ಭಾನುವಾರ ಶಾಲೆಯಲ್ಲಿ ಈ ಸಲ ವಿಡಿಯೋ ಇರಲಿಲ್ಲ. ಬೋರ್ಡಿನ ಮೇಲೆ ಇಟ್ಟಿಗೆ ಭಟ್ಟಿಯ ಚಿತ್ರ ಬರೆದು ಪೇಶ್ಗಿಯ ಲೆಕ್ಕ ಮಾಡಿಸಿದೆ. ಸಾಲ ಇಷ್ಟು, ದಿನದ ಕೂಲಿ ಇಷ್ಟು, ಮುರಿದುಕೊಳ್ಳುವುದು ಇಷ್ಟು, ಒಂದು ದಿನ ಜ್ವರ ಬಂದರೆ ಎಷ್ಟು? ಮಕ್ಕಳು ಲೆಕ್ಕ ಮಾಡುತ್ತಾ ಮಾಡುತ್ತಾ ತಾವಾಗಿಯೇ ಮೌನವಾದರು. ಆ ಏಳನೇ ಕ್ಲಾಸಿನ ಹುಡುಗಿ, "ಮಿಸ್, ಇದು ಮುಗಿಯೋದೇ ಇಲ್ಲ" ಅಂದಳು. ಅವಳ ತಾತ ಭದ್ರಾವತಿಗೆ ಬರುವ ಮೊದಲು ಜೀತಕ್ಕಿದ್ದವರು ಅಂತ ಆಮೇಲೆ ಅವಳ ಅಮ್ಮ ಹೇಳಿದರು.

ಪೂಜೆ ಮುಗಿದ ಮೇಲೆ ಚರ್ಚಿನ ಮುಂದೆ ಬೀದಿ ಗುಡಿಸುವ ಇಬ್ಬರು ಹೆಂಗಸರಿಗೆ ನಮ್ಮ ಮಹಿಳಾ ಸಂಘದವರು ಕಾಗದದ ಲೋಟದಲ್ಲಿ ಕಾಫಿ ಕೊಡುತ್ತಿದ್ದರು, ನಮಗೆಲ್ಲ ಸ್ಟೀಲ್ ಲೋಟ. ಯಾರೂ ಬೇಕೆಂದು ಮಾಡಿದ್ದಲ್ಲ. ಈಗ ಎಲ್ಲರಿಗೂ ಸ್ಟೀಲ್ ಲೋಟ, ಎಲ್ಲರೂ ಒಂದೇ ಬೆಂಚು. ಟೊರೊಂಟೊ ಅಕ್ಕನಿಗೆ ಇದನ್ನು ಹೇಳಬೇಕು ಅನ್ನಿಸಿತು.

ಒಂದು ಕೇಳಲಾ ಅಕ್ಕಾ? ನಿಮ್ಮ ಆ ಕುಟುಂಬದವರನ್ನು ಕೇಳಿ ಹೇಳುತ್ತೀರಾ, ನಮ್ಮ ಮಕ್ಕಳು ಏನಂತ ಪ್ರಾರ್ಥನೆ ಮಾಡಬೇಕು ಅಂತ? ನಾವೇ ಊಹೆ ಮಾಡಿ ಮಾಡುವುದಕ್ಕಿಂತ ಅದು ಒಳ್ಳೆಯದು.

ಟೊರೊಂಟೊ ಕನ್ನಡತಿ

ಕೇಳಿದೆ ಟೀಚರ್. ನಾನು ಏನೋ ದೊಡ್ಡ ಮಾತು ಬರುತ್ತದೆ ಅಂದುಕೊಂಡಿದ್ದೆ. ಅವರ ಅಣ್ಣ ಇನ್ನೂ ಭಟ್ಟಿಯಲ್ಲೇ ಇದ್ದಾರಂತೆ. ಮಳೆಗಾಲದಲ್ಲಿ ಹಸಿ ಇಟ್ಟಿಗೆ ಒಣಗುವುದಿಲ್ಲ, ಭಟ್ಟಿ ನಿಲ್ಲುತ್ತದೆ, ಕೂಲಿ ಇರುವುದಿಲ್ಲ. ಊಟಕ್ಕೆ ಮತ್ತೆ ಮಾಲೀಕರ ಹತ್ತಿರ ಪೇಶ್ಗಿ ತೆಗೆದುಕೊಳ್ಳಬೇಕು. ಸಾಲ ಬೆಳೆಯುವುದು ಆ ಎರಡು ತಿಂಗಳಲ್ಲೇ. "ಅಲ್ಲಿ ಮಳೆ ಬೇಗ ನಿಲ್ಲಲಿ ಅಂತ ಮಕ್ಕಳು ಕೇಳಿಕೊಳ್ಳಲಿ" ಅಂದರು.

ಭದ್ರಾವತಿ ಟೀಚರ್

ಬರೆದುಕೊಂಡೆ. ಜುಲೈ, ಆಗಸ್ಟಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸೇರಿಸುತ್ತೇವೆ. ಆ ಹೊತ್ತಿಗೆ ನಮ್ಮೂರಲ್ಲಿ ಭದ್ರಾ ಡ್ಯಾಂ ತುಂಬಲಿ ಅಂತ ಮಳೆಗೆ ಕೇಳಿಕೊಳ್ಳುತ್ತಿರುತ್ತೇವೆ. ಎರಡನ್ನೂ ಕೇಳುತ್ತೇವೆ.